ಛೇದ ಬೇರೆ ಬೇರೆ ಇದ್ರೆ ದೊಡ್ಡದ್ರಿಂದ ಶುರು ಮಾಡಿ
ಭಿನ್ನರಾಶಿ ಕೂಡೋವಾಗ ಮಕ್ಳು ಎರಡೂ ಛೇದಾನ ಸೀದಾ ಗುಣಿಸಿಬಿಡ್ತಾರೆ, ತಪ್ಪೇನಿಲ್ಲ, ಆದ್ರೆ 5/12 + 7/18 ಇದ್ರೆ ಛೇದ 216 ಆಗತ್ತೆ, ಆಮೇಲೆ 90/216, 84/216 ಅಂತ ಒದ್ದಾಡಿ, ಕೂಡಿ, 174/216 ನ ಮತ್ತೆ ಸಂಕ್ಷೇಪ ಮಾಡ್ತಾ ಕೂರ್ಬೇಕು, ಯಾಕ್ ಬೇಕು ಆ ತಲೆನೋವು. ದೊಡ್ಡ ಛೇದದ ಮಗ್ಗಿ ಹೇಳ್ತಾ ಹೋಗಿ, ಚಿಕ್ಕದ್ರಿಂದ ಶೇಷ ಇಲ್ದೆ ಭಾಗ ಆಗೋ ಮೊದಲನೇ ಸಂಖ್ಯೆ ಸಿಕ್ತಾ, ಅದೇ ಲಸಾಅ, ಅಂದ್ರೆ ಎಲ್ಲಾ ಛೇದದಿಂದ್ಲೂ ಶೇಷ ಇಲ್ದೆ ಭಾಗ ಆಗೋ ಅತಿ ಚಿಕ್ಕ ಸಂಖ್ಯೆ. 18 ಆಗಲ್ಲ, 36 ಆಗತ್ತೆ, ಮುಗೀತು. 15/36 + 14/36 = 29/36.

ಮೂರು ಛೇದ ಇದ್ರೂ ಅಷ್ಟೇ. 8, 12, 30 ಇದ್ರೆ 30, 60, 90, 120. ಇಲ್ಲಿ 60 ಕ್ಕೇ ನಿಲ್ಸಿಬಿಡೋರು ಜಾಸ್ತಿ, 12 ಕ್ಕೆ ಸರಿಹೋಗತ್ತೆ ಆದ್ರೆ 8 ಕ್ಕೆ ಆಗಲ್ಲ ನೋಡಿ, ಉತ್ತರ 120.

84, 90 ತರದ್ದು ಬಂದ್ರೆ ಮಾತ್ರ ಮಗ್ಗಿ ಉದ್ದ ಆಗತ್ತೆ, ಆಗ ಮಸಾಅ (ಎರಡನ್ನೂ ಶೇಷ ಇಲ್ದೆ ಭಾಗಿಸೋ ಅತಿ ದೊಡ್ಡ ಸಂಖ್ಯೆ) ಹಿಡೀರಿ: ಅದು 6, 84 ನ 6 ರಿಂದ ಭಾಗಿಸಿದ್ರೆ 14, 14×90 = 1260, ಅದೇ ಲಸಾಅ.

ಆಮೇಲೆ ಛೇದ ಬದಲಾಯ್ಸಿ ಅಂಶಾನ ಹಾಗೇ ಬಿಡೋದು, ಅಯ್ಯೋ, ಅದೊಂದು ನಮ್ಮನೇಲಿ ದಿನಾ ನಡಿಯತ್ತೆ. ಛೇದಾನ ಎಷ್ಟರಿಂದ ಗುಣಿಸಿದ್ರೋ ಅಂಶಾನೂ ಅಷ್ಟರಿಂದ್ಲೇ.