ಬೆನ್ನುಚೀಲ ಹೊತ್ತು ಭಾರತ ಸುತ್ತುವವರಿಗೆ

ಇಡೀ ಭಾರತವನ್ನು ಒಂದೇ ಪ್ರವಾಸದಲ್ಲಿ ನೋಡಿ ಮುಗಿಸುವ ಆಸೆಯನ್ನು ಹೊರಡುವ ಮೊದಲೇ ಕೈಬಿಡುವುದು ಒಳ್ಳೆಯದು. ಕನ್ಯಾಕುಮಾರಿಯಿಂದ ದಿಬ್ರುಗಢಕ್ಕೆ ಹೋಗುವ ವಿವೇಕ್ ಎಕ್ಸ್‌ಪ್ರೆಸ್ 4,000 ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ಕ್ರಮಿಸಲು 3 ದಿನಗಳಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಒಂದು ತಿಂಗಳ ಬಿಡುವಿದ್ದವರು ಒಂದೇ ಸೀಮೆಯನ್ನು ಆರಿಸಿಕೊಂಡು, ಅಲ್ಲಿ ನಿಧಾನವಾಗಿ ತಿರುಗಬೇಕೆಂಬುದು ನನ್ನ ದೃಢವಾದ ಸಲಹೆ.

ಯಾವ ಸೀಮೆ ಎಂಬುದನ್ನು ಋತುವೇ ನಿರ್ಧರಿಸಲಿ. ಜೂನ್‌ ಆರಂಭದಲ್ಲಿ ಕೇರಳಕ್ಕೆ ಕಾಲಿಡುವ ಮುಂಗಾರು ಸೆಪ್ಟೆಂಬರ್‌ ಉತ್ತರಾರ್ಧದಲ್ಲಿ ರಾಜಸ್ಥಾನದ ಕಡೆಯಿಂದ ಹಿಂದೆ ಸರಿಯತೊಡಗುತ್ತದೆ. ಆದರೆ ತಮಿಳುನಾಡಿನ ಕರಾವಳಿಗೆ ದೊಡ್ಡ ಮಳೆ ಬರುವುದೇ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಆದ್ದರಿಂದ ನವೆಂಬರ್‌ನಲ್ಲಿ ಹೊರಡುವವರಿಗೆ ರಾಜಸ್ಥಾನವೋ, ಅಸ್ಸಾಂ ಮತ್ತು ಮೇಘಾಲಯವೋ ಚೆನ್ನ. ಲಡಾಖಿಗೆ ಬೇಸಿಗೆಯೇ ಸೂಕ್ತ. ಲೇಹ್ ಪಟ್ಟಣ ಸುಮಾರು 3,500 ಮೀಟರ್ ಎತ್ತರದಲ್ಲಿರುವುದರಿಂದ ವಿಮಾನದಲ್ಲಿ ನೇರವಾಗಿ ಇಳಿದವರು ಮೊದಲ ಎರಡು ದಿನ ಏನನ್ನೂ ನೋಡಲು ಹೋಗದೆ ವಿಶ್ರಾಂತಿ ಪಡೆಯಲೇಬೇಕು. ಶ್ರೀನಗರದಿಂದ ಕಾರ್ಗಿಲ್‌ನಲ್ಲಿ ತಂಗಿ ರಸ್ತೆಯಲ್ಲಿ ಏರಿದರೆ ದೇಹ ಎತ್ತರಕ್ಕೆ ಹಂತಹಂತವಾಗಿ ಹೊಂದಿಕೊಳ್ಳುತ್ತದೆ. ಬೇರೆ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರ ಮತ್ತು ಲಡಾಖಿನಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ ಪೋಸ್ಟ್‌ಪೇಯ್ಡ್ ಸಂಪರ್ಕ ಮಾಡಿಸಿಕೊಂಡು ಹೋಗಿ.

ಅರುಣಾಚಲ ಪ್ರದೇಶ, ನಾಗಾಲ್ಯಾಂಡ್, ಮಿಜೋರಾಂ ಮತ್ತು ಮಣಿಪುರಕ್ಕೆ ಹೊರರಾಜ್ಯದ ಭಾರತೀಯರೂ ಇನ್ನರ್ ಲೈನ್ ಪರ್ಮಿಟ್ (ರಾಜ್ಯದೊಳಗೆ ಹೋಗಲು ಬೇಕಾದ ಅನುಮತಿ ಪತ್ರ) ಪಡೆಯಬೇಕು. ಆನ್‌ಲೈನಿನಲ್ಲಿ ಪಡೆದರೂ ಮುದ್ರಿತ ಪ್ರತಿಗಳನ್ನು, ಗುರುತಿನ ಚೀಟಿಯ ನಕಲುಗಳನ್ನು, ನಾಲ್ಕಾರು ಭಾವಚಿತ್ರಗಳನ್ನು ಜೊತೆಗಿಟ್ಟುಕೊಳ್ಳಿ. ಗಡಿಯ ಚೆಕ್‌ಪೋಸ್ಟಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲದಿದ್ದಾಗ ಕಾಗದವೇ ಕೆಲಸಕ್ಕೆ ಬರುತ್ತದೆ.

ರೈಲ್ವೆ ಮುಂಗಡ ಕಾಯ್ದಿರಿಸುವಿಕೆ ಪ್ರಯಾಣಕ್ಕೆ 60 ದಿನ ಮೊದಲು ತೆರೆಯುತ್ತದೆ. ದೂರದ ಪ್ರಯಾಣಗಳನ್ನು ಆಗಲೇ ಕಾಯ್ದಿರಿಸಿ, ನಡುವಿನ ಸಣ್ಣ ಪ್ರಯಾಣಗಳನ್ನು ಬಸ್ಸು ಮತ್ತು ಪ್ಯಾಸೆಂಜರ್ ರೈಲುಗಳಿಗೆ ಬಿಡಿ. ತತ್ಕಾಲ್ ಟಿಕೆಟ್ ಹಿಂದಿನ ದಿನ ಬೆಳಿಗ್ಗೆ ಎಸಿ ದರ್ಜೆಗಳಿಗೆ 10 ಗಂಟೆಗೆ, ಸ್ಲೀಪರ್‌ಗೆ 11 ಗಂಟೆಗೆ ಸಿಗುತ್ತದೆ. ಆನ್‌ಲೈನಿನಲ್ಲಿ ಕೊಂಡ ಟಿಕೆಟ್, ಪ್ರಯಾಣಿಕರ ಅಂತಿಮ ಪಟ್ಟಿಯಾದ ಚಾರ್ಟ್ ಸಿದ್ಧವಾದ ಮೇಲೂ ವೇಟಿಂಗ್ ಲಿಸ್ಟಿನಲ್ಲೇ ಉಳಿದರೆ ತಾನಾಗಿ ರದ್ದಾಗುತ್ತದೆ. ಆರ್‌ಎಸಿ (ಪೂರ್ತಿ ಬರ್ತಿಲ್ಲದೆ ಕೂರಲು ಮಾತ್ರ ಖಚಿತವಾದ ಜಾಗ) ಬಂದರೆ ರೈಲು ಹತ್ತಬಹುದು, ಆದರೆ ಸೈಡ್ ಲೋಯರ್ ಬರ್ತನ್ನು ಇನ್ನೊಬ್ಬರೊಡನೆ ಹಂಚಿಕೊಂಡು ಕೂರಬೇಕಾಗುತ್ತದೆ.

ಚೀಲದ ತೂಕ 10 ಕಿಲೋ ಮೀರದಿರಲಿ. ಭಾರವಾದ ವಸ್ತುಗಳನ್ನು ಬೆನ್ನಿಗೆ ತಾಗುವ ಬದಿಯಲ್ಲಿ, ಚೀಲದ ನಡುಮಟ್ಟದಲ್ಲಿಟ್ಟು, ಸೊಂಟದ ಪಟ್ಟಿಯನ್ನು ಮೊದಲು ಬಿಗಿದು, ಆಮೇಲೆ ಭುಜದ ಪಟ್ಟಿಗಳನ್ನು ಎಳೆದುಕೊಂಡರೆ ಹೊರೆ ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತದೆ. ಬೀಗ ಮತ್ತು ಸರಪಳಿ ಮರೆಯಬಾರದು: ರಾತ್ರಿ ಚೀಲವನ್ನು ಕೆಳಬರ್ತಿನ ಅಡಿಯ ಕೊಂಡಿಗೆ ಕಟ್ಟಲು ಅವು ಬೇಕು, ನಿಲ್ದಾಣದ ಕ್ಲೋಕ್ ರೂಮಿನಲ್ಲಿಯೂ ಬೀಗ ಹಾಕಿದ ಚೀಲವನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಈಶಾನ್ಯದ ಬೆಟ್ಟಗಳಲ್ಲಿ ಜನಸಂಚಾರಕ್ಕೆ ಮುಖ್ಯ ಆಧಾರ ಹಂಚಿಕೊಂಡು ಹೋಗುವ ಸುಮೋಗಳು. ಬೆಳಗಿನ ಜಾವವೇ ಹೊರಡುವ ಇವುಗಳಲ್ಲಿ ಹಿಂದಿನ ಸಂಜೆಯೇ ಸೀಟು ಹಿಡಿಯಬೇಕು. ಚೀಲಗಳು ಮಾಡಿನ ಮೇಲೆ ಟಾರ್ಪಾಲಿನಡಿ ಹೋಗುವುದರಿಂದ ಔಷಧಿ, ಹಣ, ಬೆಚ್ಚನೆಯ ಒಂದು ಬಟ್ಟೆ ನಿಮ್ಮ ಕೈಚೀಲದಲ್ಲಿರಲಿ. ದೇಶಕ್ಕೆಲ್ಲ ಒಂದೇ ಗಡಿಯಾರವಾದ್ದರಿಂದ ದೂರದ ಪೂರ್ವದಲ್ಲಿರುವ ನಾಗಾಲ್ಯಾಂಡಿನ ಕೊಹಿಮಾದಲ್ಲಿ ಡಿಸೆಂಬರ್‌ ತಿಂಗಳಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಮಿಜೋರಾಂ ಮತ್ತು ನಾಗಾಲ್ಯಾಂಡಿನಲ್ಲಿ ಭಾನುವಾರ ಅಂಗಡಿಗಳೂ ವಾಹನಗಳೂ ಬಹುಮಟ್ಟಿಗೆ ನಿಂತಿರುತ್ತವೆ, ಹಾಗಾಗಿ ಆ ದಿನದ ಊಟಕ್ಕೆ ಶನಿವಾರವೇ ಏರ್ಪಾಡು ಮಾಡಿಕೊಳ್ಳಿ.

ಊರಿನ ನಡವಳಿಕೆಯನ್ನು ಕೇಳಿ ತಿಳಿಯುವುದಕ್ಕೆ ಸಂಕೋಚ ಬೇಡ. ಅಮೃತಸರದ ಸ್ವರ್ಣಮಂದಿರದ ಲಂಗರಿಗೆ, ಅಂದರೆ ಉಚಿತ ಸಾಮೂಹಿಕ ಊಟಕ್ಕೆ, ಜಾತಿ-ಮತದ ಭೇದವಿಲ್ಲದೆ ಎಲ್ಲರಿಗೂ ಸ್ವಾಗತವಿದೆ. ಚಪ್ಪಲಿ ಕಳಚಿ, ತಲೆಗೆ ಬಟ್ಟೆ ಕಟ್ಟಿ, ಸಾಲಿನಲ್ಲಿ ನೆಲದ ಮೇಲೆ ಕುಳಿತು, ಬಡಿಸುವವರು ಬಂದಾಗ ರೊಟ್ಟಿಯನ್ನು ಎರಡೂ ಅಂಗೈ ಜೋಡಿಸಿ ಪಡೆಯಬೇಕು, ತಟ್ಟೆಯಲ್ಲಿ ಏನನ್ನೂ ಬಿಡಬಾರದು. ಊಟದ ನಂತರ ತಟ್ಟೆ ತೊಳೆಯುವ ಸೇವೆಗೆ ಸೇರಿಕೊಳ್ಳಬಹುದು, ಮತ್ತು ಸೇರಿಕೊಳ್ಳಬೇಕು ಎಂದೇ ನಾನು ಹೇಳುತ್ತೇನೆ. ಮೇಘಾಲಯದ ಮಾವ್‌ಫ್ಲಾಂಗ್ ಕಾಡು ನಮ್ಮ ಕೊಡಗಿನ ದೇವರಕಾಡುಗಳಂತೆ ಪವಿತ್ರವಾದದ್ದು. ಅಲ್ಲಿಂದ ಒಂದು ತರಗೆಲೆಯನ್ನೂ ಹೊರಗೆ ಒಯ್ಯುವಂತಿಲ್ಲ. ಜನರ ಭಾವಚಿತ್ರ ತೆಗೆಯುವ ಮುನ್ನ ಅನುಮತಿ ಕೇಳುವುದು ಎಲ್ಲ ಕಡೆಯೂ ಅಗತ್ಯ.

ಮರಳುವ ಟಿಕೆಟನ್ನು ಹೋಗುವ ಟಿಕೆಟಿನ ಜೊತೆಯಲ್ಲೇ ಯೋಜಿಸಿ. ಭೂಕುಸಿತದಿಂದ ಮುಚ್ಚಿದ ಬೆಟ್ಟದ ರಸ್ತೆ, ಚಳಿಗಾಲದ ಮಂಜಿನಿಂದ ತಡವಾಗುವ ಉತ್ತರದ ರೈಲು, ನೀರು ಏರಿದಾಗ ನಿಲ್ಲುವ, ಬ್ರಹ್ಮಪುತ್ರದ ನಡುಗಡ್ಡೆ ಮಾಜುಲಿಯ ದೋಣಿ, ಇವುಗಳಲ್ಲಿ ಯಾವುದಾದರೂ ಅಡ್ಡಬಂದೀತು. ಹೀಗಾಗಿ ಹಿಂತಿರುಗುವ ರೈಲು ಹೊರಡುವ ನಿಲ್ದಾಣಕ್ಕೆ ಎರಡು ದಿನ ಮೊದಲೇ ತಲುಪುವಂತೆ ದಿನಗಳನ್ನು ಹೊಂದಿಸಿಕೊಳ್ಳಿ.