ಶಾಲೆಯ ಪರಿಸರ ದಿನಕ್ಕೆ ಎರಡು ಭರಣಿ, ಒಂದು ಕರಿಗಲ್ಲು

ಕರಾವಳಿಯ ಶಾಲೆಗಳ ಪರಿಸರ ಜಾಗೃತಿ ದಿನಗಳಿಗೆ ಹಲವು ವರ್ಷಗಳಿಂದ ಕೈಜೋಡಿಸುತ್ತಿದ್ದೇನೆ. ಹೋದಲ್ಲೆಲ್ಲ ಗೋಡೆಯ ಮೇಲೆ ಅದೇ ಚಾರ್ಟ್: ತೇಲುವ ಮಂಜುಗಡ್ಡೆಯ ಮೇಲೊಂದು ಬಿಳಿ ಕರಡಿ, ಕೆಳಗೆ ‘ಇದು ಕರಗಿದರೆ ಕಡಲು ಉಕ್ಕುತ್ತದೆ’ ಎಂಬ ಬರಹ. ಬರೆದ ಹುಡುಗಿಗೂ ಬಹುಮಾನ ಕೊಟ್ಟ ಅತಿಥಿಗೂ ಅದು ತಪ್ಪೆಂದು ಹೊಳೆದಿರುವುದಿಲ್ಲ. ಈಗಾಗಲೇ ತೇಲುತ್ತಿರುವ ಮಂಜು ಕರಗಿದರೆ ಕಡಲಿನ ಮಟ್ಟ ಏರುವುದಿಲ್ಲವೆಂದೇ ಹೇಳಬಹುದು. ಏರಿಸುವುದು ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾಗಳ ನೆಲದ ಮೇಲೆ ಕುಳಿತಿರುವ ಮಂಜು. ಇದನ್ನು ಮಕ್ಕಳು ಕಣ್ಣಾರೆ ಕಾಣುವಂತೆ ದಿನವನ್ನು ರೂಪಿಸುವುದು ಹೇಗೆಂದು ಹೇಳುತ್ತೇನೆ.

ಮೊದಲು ದಿನಾಂಕ. ವಿಶ್ವ ಪರಿಸರ ದಿನವನ್ನು 1973ರಿಂದ ಜೂನ್ 5ರಂದು ಆಚರಿಸಲಾಗುತ್ತಿದೆ. ಆದರೆ ಆಗ ನಮ್ಮಲ್ಲಿ ಶಾಲೆ ತೆರೆದು ವಾರವೂ ಕಳೆದಿರುವುದಿಲ್ಲ, ಮಳೆಯೂ ಹಿಡಿಯುವ ಹೊತ್ತು. ಅಂದು ಗಿಡ ನೆಡಿ, ಸಾಕು. ಜಾಗೃತಿ ದಿನವನ್ನು ನವೆಂಬರಿಗೆ ಇಟ್ಟುಕೊಳ್ಳಿ. ಶನಿವಾರ ಖಂಡಿತ ಬೇಡ. ಅರ್ಧ ದಿನದ ಶಾಲೆ ಮುಗಿದರೂ ಮಂಜು ಕರಗಿ ಮುಗಿದಿರುವುದಿಲ್ಲ.

ಎರಡನೆಯದು ವಿಷಯ. ಓಝೋನ್, ಪ್ಲಾಸ್ಟಿಕ್, ಕಾಡು, ಹುಲಿ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಮಕ್ಕಳ ತಲೆಯಲ್ಲಿ ಯಾವುದೂ ನಿಲ್ಲುವುದಿಲ್ಲ. ಏರುವ ಕಡಲು, ಅದೊಂದೇ ಇರಲಿ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ತಿಳಿಸಿದರೆ ಮೂರನೆಯ ಹಂತವೂ ಮುಗಿಯಿತು.

ನಾಲ್ಕನೆಯದು ಪ್ರಯೋಗ. ಎಲ್ಲರೂ ಎಡವುವುದು ಇಲ್ಲೇ.

ನೇರ ಗೋಡೆಯ, ಒಂದೇ ಅಳತೆಯ ಎರಡು ಗಾಜಿನ ಭರಣಿ ಬೇಕು. ಅಗಲ ಬಾಯಿಯ ಪಾತ್ರೆ ಬೇಡ. ಏರಿದ ನೀರು ಹರಡಿಕೊಂಡು ಕಣ್ಣಿಗೇ ಕಾಣುವುದಿಲ್ಲ. ಮೊದಲ ಭರಣಿಯಲ್ಲಿ ಎತ್ತರದ ಕಲ್ಲಿಟ್ಟು, ಅದರ ನೆತ್ತಿ ಮುಳುಗದಷ್ಟು ನೀರು ಹಾಕಿ, ನೆತ್ತಿಯ ಮೇಲೆ ಮಂಜುಗಡ್ಡೆ ಇಡಿ. ಎರಡನೆಯದರಲ್ಲಿ ಕಲ್ಲಿಲ್ಲ, ನೀರಿನಲ್ಲಿ ಅಷ್ಟೇ ತೂಕದ ಮಂಜು ತೇಲಲಿ. ತಳಕ್ಕೆ ತಾಗಿ ನಿಂತರೆ ಅದು ತೇಲಿದಂತಲ್ಲ, ಆದ್ದರಿಂದ ನೀರು ಧಾರಾಳವಾಗಿರಲಿ.

ಕಲ್ಲು ಕರಿಗಲ್ಲೇ ಆಗಬೇಕು. ಒಂದು ಶಾಲೆಯಲ್ಲಿ ಅಂಗಳದಲ್ಲಿ ಬಿದ್ದಿದ್ದ ಮುರಕಲ್ಲಿನ ತುಂಡನ್ನೇ ಇಟ್ಟಿದ್ದರು. ಮುರಕಲ್ಲಿಗೆ ಮೈಯೆಲ್ಲ ತೂತು, ಅದು ಕರಗಿದ ನೀರನ್ನು ಕುಡಿಯುತ್ತ ಹೋಯಿತು. ನೀರು ಏರಲೇ ಇಲ್ಲ, ‘ನೆಲದ ಮಂಜು ಕರಗಿದರೂ ಏನೂ ಆಗುವುದಿಲ್ಲ’ ಎಂದು ಮಕ್ಕಳು ಬರೆದುಕೊಂಡರು. ನೆತ್ತಿಯಲ್ಲಿ ಸ್ವಲ್ಪ ತಗ್ಗಿರುವ ಕಲ್ಲನ್ನು ಆರಿಸಿ, ಮಂಜು ಜಾರದು. ಜಾರಿ ಬಿದ್ದರೂ ಗಾಬರಿ ಬೇಡ. ಬಿದ್ದ ಕ್ಷಣವೇ ನೀರು ಏರುತ್ತದೆ. ಹಿಮನದಿಯ ಅಂಚು ಮುರಿದು ಕಡಲಿಗೆ ಬಿದ್ದಾಗ ಆಗುವುದೂ ಅದೇ. ತೋರಿಸಿ, ಮತ್ತೆ ಹೂಡಿ.

ಗುರುತು ಹಾಕಬೇಕಾದದ್ದು ಮಂಜು ಇಟ್ಟ ಮೇಲೆ. ತೇಲುವ ಮಂಜಿನ ಭರಣಿಗೆ ಮೊದಲೇ ಗುರುತು ಹಾಕಿದರೆ ಮಂಜು ಇಳಿಸಿದೊಡನೆ ಮಟ್ಟ ಏರಿ ಇಡೀ ಪಾಠ ತಲೆಕೆಳಗಾಗುತ್ತದೆ. ಸ್ಕೆಚ್ ಪೆನ್ನಿನ ಗೆರೆ ಭರಣಿಯ ಹೊರಮೈ ಬೆವರುತ್ತಿದ್ದಂತೆ ಅಳಿಸಿಹೋಗುತ್ತದೆ, ರಬ್ಬರ್ ಬ್ಯಾಂಡ್ ಹಾಕಿ. ಕಡಲಿನ ನೀರನ್ನೇ ತರೋಣವೆಂದು ಮಕ್ಕಳು ಹಟ ಹಿಡಿಯುತ್ತಾರೆ. ಈ ಸಲ ಬೇಡವೆನ್ನಿ. ಉಪ್ಪುನೀರಿನಲ್ಲಿ ಸಿಹಿನೀರಿನ ಮಂಜು ಕರಗಿದಾಗ ಮಟ್ಟ ಕೂದಲೆಳೆಯಷ್ಟು ಏರುವುದುಂಟು, ಗೊಂದಲವಾಗುತ್ತದೆ.

ಫ್ರಿಜ್ಜಿನ ಮಂಜು ಒಂದು ಜೊತೆ ಭರಣಿಗೆ ಸಾಕು. ತರಗತಿಗೊಂದು ಜೊತೆ ಇಡುವುದಾದರೆ ಮೀನಿಗೆ ಮಂಜು ಪೂರೈಸುವ ಕಾರ್ಖಾನೆಯಿಂದ ಒಂದು ಗಡ್ಡೆ ತಂದು, ಗೋಣಿಯಲ್ಲಿ ಸುತ್ತಿಟ್ಟು, ನಿಂಬೆಹಣ್ಣಿನ ಗಾತ್ರಕ್ಕೆ ಒಡೆಯಿರಿ. ಅದು ಕುಡಿಯುವ ನೀರಿನದಲ್ಲ, ಯಾವ ಮಗುವೂ ಬಾಯಿಗೆ ಹಾಕದಂತೆ ಒಬ್ಬರು ಕಾವಲಿರಲಿ.

ಗುರುತು ಹಾಕಿದ ಕೂಡಲೇ ಪ್ರತಿ ಮಗುವೂ ತನ್ನ ಊಹೆಯನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲಿ. ಈ ಹಂತವನ್ನು ಬಿಡಲೇಬೇಡಿ. ಉತ್ಸಾಹಿ ಶಿಕ್ಷಕರೊಬ್ಬರು ಉತ್ತರವನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ಭರಣಿಯನ್ನು ನೋಡುವವರಿಲ್ಲ.

ಮಂಜು ಕರಗಲು ಎರಡು ಗಂಟೆಯಾದರೂ ಬೇಕು. ಅಷ್ಟರಲ್ಲಿ ಕಡಲು ಏರಲು ಇರುವ ಇನ್ನೊಂದು ಕಾರಣವನ್ನು ತೋರಿಸಿ: ಬಿಸಿಯಾದ ನೀರು ಹಿಗ್ಗುತ್ತದೆ. ಔಷಧಿಯ ಗಾಜಿನ ಸೀಸೆಗೆ ಬಣ್ಣದ ತಣ್ಣೀರನ್ನು ಗುಳ್ಳೆ ಉಳಿಯದಂತೆ ತುಂಬಿ, ಮುಚ್ಚಳದ ತೂತಿಗೆ ತೊಳೆದ ಖಾಲಿ ರೀಫಿಲ್ ಸಿಕ್ಕಿಸಿ, ಬಿಸಿನೀರಿನಲ್ಲಿಡಿ. ಮೊದಲು ಗಾಜು ಹಿಗ್ಗಿ ನೀರು ತುಸು ಇಳಿಯುತ್ತದೆ, ಆಮೇಲೆ ರೀಫಿಲ್‌ನಲ್ಲಿ ಏರುತ್ತ ಹೋಗುತ್ತದೆ. ಸಂದಿಗೆ ಮೇಣ ಹಚ್ಚಿದರೆ ಬಿಸಿಗೆ ಕರಗುತ್ತದೆ, ಬಿಳಿ ಅಂಟು ನೀರಿಗೆ ಬಿಡುತ್ತದೆ. ನಲ್ಲಿಯ ಸೋರಿಕೆಗೆ ಹಚ್ಚುವ, ಎರಡು ಬಗೆಯದನ್ನು ಕಣಕದಂತೆ ನಾದುವ ಅಂಟನ್ನು ಹಿಂದಿನ ದಿನವೇ ಹಚ್ಚಿಡಿ.

ಅಂಕಿಗಳನ್ನು ಗೋಡೆಗೆ ತನ್ನಿ. ಹವಾಮಾನ ಬದಲಾವಣೆಯ ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿ ಐಪಿಸಿಸಿಯ ವರದಿಯ ಪ್ರಕಾರ 1901ರಿಂದ 2018ರ ನಡುವೆ ಜಗತ್ತಿನ ಕಡಲಿನ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ನೆಲದಿಂದ ಅಷ್ಟೆತ್ತರಕ್ಕೆ ಸುಣ್ಣದ ಗೆರೆ ಎಳೆಯಿರಿ. ಗ್ರೀನ್‌ಲ್ಯಾಂಡಿನ ಮಂಜೆಲ್ಲ ಕರಗಿದರೆ ಸುಮಾರು 7 ಮೀಟರ್. ಅಂಗಳದ ತೆಂಗಿನಮರಕ್ಕೆ, ಕಾಯಿ ಕೀಳುವವರ ಕೈಯಲ್ಲಿ, ಆ ಎತ್ತರದಲ್ಲಿ ಬಟ್ಟೆ ಕಟ್ಟಿಸಿ. ಅದಕ್ಕೆ ಅನೇಕ ಶತಮಾನಗಳೇ ಬೇಕೆಂಬುದನ್ನು ಅದೇ ಉಸಿರಿನಲ್ಲಿ ಹೇಳಿ. ಹೆದರಿದ ಮಗು ಪ್ರಶ್ನೆ ಕೇಳುವುದಿಲ್ಲ.

ಮುಖ್ಯ ಅತಿಥಿಯ ಕುರ್ಚಿಯಲ್ಲಿ ಊರಿನ ಹಿರಿಯ ಮೀನುಗಾರರೊಬ್ಬರನ್ನು ಕೂರಿಸಿ, ಅವರ ಬಾಲ್ಯದಲ್ಲಿ ದಡ ಎಲ್ಲಿತ್ತೆಂದು ಮಕ್ಕಳೇ ಕೇಳಲಿ. ಆದರೆ ಉಳ್ಳಾಲದಂಥ ಕಡೆಯ ಕಡಲ್ಕೊರೆತಕ್ಕೆಲ್ಲ ಧ್ರುವದ ಮಂಜನ್ನೇ ಹೊಣೆ ಮಾಡಬೇಡಿ. ಅಳಿವೆಯ ಬಾಯಿಯಲ್ಲಿ ಕಟ್ಟಿದ ಅಲೆತಡೆಗಳು ಮರಳಿನ ಸಹಜ ಓಡಾಟವನ್ನು ತಡೆದರೂ ದಡ ಕೊರೆಯುತ್ತದೆ. ಎರಡೂ ಮಕ್ಕಳಿಗೆ ತಿಳಿದಿರಲಿ.

ಫ್ಲೆಕ್ಸ್, ಥರ್ಮೋಕೋಲ್ ಎರಡೂ ಬೇಡ. ಕರಿಹಲಗೆ, ಸೀಮೆಸುಣ್ಣ ಸಾಕು.

ಮಂಜು ಪೂರ್ತಿ ಕರಗಿದ ಮೇಲೆ ಡಬ್ಬಿ ತೆರೆದು, ಚೀಟಿಗಳನ್ನು ಅವರವರ ಕೈಗೇ ಕೊಡಿ. ಊಹೆ ತಪ್ಪಿದ ಮಕ್ಕಳು ಮತ್ತೆ ಮತ್ತೆ ಬಂದು ರಬ್ಬರ್ ಬ್ಯಾಂಡಿನ ಮಟ್ಟಕ್ಕೆ ಕಣ್ಣಿಟ್ಟು ನೋಡುತ್ತಾರೆ. ಗಂಟೆ ಹೊಡೆದರೂ ಅವರನ್ನು ಎಬ್ಬಿಸಬೇಡಿ. ಚಾರ್ಟ್ ಬರೆಸುವುದಿದ್ದರೆ ಮರುದಿನ ಬರೆಸಿ.