ಕಂಪ್ಯೂಟರ್ ಕೇಸ್ ತಂಪು, ಫ್ಯಾನ್ ಸದ್ದು: ನಾನು ಅಳೆಯುವ ರೀತಿ

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಬೆಳಿಗ್ಗೆ 19 ಡಿಗ್ರಿ ಇದ್ದರೆ ಮಧ್ಯಾಹ್ನ 28. ಹಾಗಾಗಿ ಕಂಪ್ಯೂಟರಿನ ಪ್ರೊಸೆಸರ್ 75 ಡಿಗ್ರಿ ಅಂತ ಸುಮ್ನೆ ಬರೆದಿಟ್ಟರೆ ಏನೂ ತಿಳಿಯುವುದಿಲ್ಲ. ಕೇಸ್‌ಗೆ ಗಾಳಿ ಹೋಗುವ ಕಡೆ ಒಂದು ಥರ್ಮಾಮೀಟರ್ ಇಡಿ. ಆ ಅಂಕಿಯನ್ನು ಪ್ರೊಸೆಸರ್ ಬಿಸಿಯಿಂದ ಕಳೆಯಿರಿ. ಉಳಿದದ್ದೇ ನಿಜವಾದ ಲೆಕ್ಕ.

ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡುವ ಸಿನೆಬೆಂಚ್ ಎಂಬ ತಂತ್ರಾಂಶವನ್ನು ಅರ್ಧ ಗಂಟೆ ಓಡಿಸಿ. ಐದು ನಿಮಿಷಕ್ಕೇ ನಿಲ್ಲಿಸಬೇಡಿ, ಕೇಸ್ ಒಳಗಿನ ಗಾಳಿ ಪೂರ್ತಿ ಬಿಸಿಯಾಗಲು ಹೊತ್ತು ಬೇಕು. ಆಮೇಲೆ ಪಕ್ಕದ ಪ್ಯಾನೆಲ್ ತೆಗೆದು ಮತ್ತೊಮ್ಮೆ ಓಡಿಸಿ. ಎರಡು ಸಲವೂ ಫ್ಯಾನ್ ವೇಗ ಒಂದೇ ಇರಲಿ. ಬಿಸಿ ಚೆನ್ನಾಗಿ ಇಳಿದರೆ ಕೇಸ್‌ಗೆ ಗಾಳಿ ಸಾಲುತ್ತಿಲ್ಲ ಎಂದರ್ಥ. ನನ್ನದರಲ್ಲಿ 9 ಡಿಗ್ರಿ ಇಳಿಯಿತು. ನೋಡಿದರೆ ಮುಂದಿನ ಜಾಲರಿ ತುಂಬಾ ಧೂಳು!

ಸದ್ದನ್ನು ರಾತ್ರಿ 11ರ ಮೇಲೆ ಅಳೆಯಿರಿ. ಮಳೆಗಾಲದಲ್ಲಿ ಹೆಂಚಿನ ಮೇಲಿನ ಸದ್ದೇ ಜಾಸ್ತಿ ಅಲ್ವಾ, ಆಗ ಬೇಡ. ಮೊದಲು ಕಂಪ್ಯೂಟರ್ ಆಫ್ ಮಾಡಿ, ಮೊಬೈಲಿನಲ್ಲಿ ಸದ್ದು ಅಳೆಯುವ ಆಪ್ ತೆರೆದು ಕೋಣೆಯ ಸದ್ದು ನೋಡಿ. ಮೊಬೈಲನ್ನು ಅರ್ಧ ಮೀಟರ್ ದೂರದಲ್ಲಿ, ಗಾಳಿ ನೇರವಾಗಿ ಬೀಸದ ಕಡೆ, ಪ್ರತಿ ಸಲ ಅದೇ ಜಾಗದಲ್ಲಿ ಇಡಿ. ಆಪ್ ತೋರಿಸುವ ಡೆಸಿಬೆಲ್ ಕರಾರುವಾಕ್ಕಲ್ಲ, ಹೋಲಿಕೆಗೆ ಸಾಕು. ಫ್ಯಾನ್ ವೇಗವನ್ನು ನೂರು ನೂರು ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಏರಿಸುತ್ತಾ ಕಿವಿಗೊಡಿ. ನನ್ನದು 1100ರಲ್ಲಿ ಗುಂಯ್ ಅನ್ನುತ್ತಿತ್ತು. ಈಗ 1000ಕ್ಕೇ ನಿಲ್ಲಿಸಿದ್ದೇನೆ.